ವಹಿಶುದ್ಧಿ

ಕನ್ನಡ ಎಂ.ಎ. ಮಾಡಿ, ಇಪ್ಪತ್ತು ವರುಷ ಹುಡುಗರಿಗೆ ಸಂಧಿಸಮಾಸಗಳನ್ನು ಹೇಳಿಕೊಟ್ಟವನಿಗೆ ಪೈಥಾನಿನ ಗೊಡವೆ ಏಕೆ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಪೈಥಾನ್ ಎಂದರೆ ಹೆಬ್ಬಾವೆಂದು ಎಲ್ಲರೂ ಬಲ್ಲರು. ಆದರೆ ಗಿಡೋ ವಾನ್ ರಾಸಮ್ ಎಂಬ ಡಚ್ಚರವನು 1991ರಲ್ಲಿ ಹೊರತಂದ ತನ್ನ ಗಣಕಭಾಷೆಗೆ ಆ ಹೆಸರನ್ನಿಟ್ಟದ್ದು ಹಾವನ್ನು ನೆನೆದಲ್ಲ, ಬಿ.ಬಿ.ಸಿ.ಯಲ್ಲಿ ಬರುತ್ತಿದ್ದ ಮಾಂಟಿ ಪೈಥಾನ್ ಎಂಬ ನಗೆಯಾಟವನ್ನು ನೆನೆದು. ನಗೆಯಾಟದ ಹೆಸರು ಹೊತ್ತ ಭಾಷೆಯೊಂದು ನಮ್ಮ ಸೀಮೆಯ ಬಯಲಾಟದ ವಹಿಗಳ ಸೇವೆಗೆ ಬಂದಿತೆಂಬುದು ನನಗಂತೂ ಬಹಳ ಹಿತವೆನಿಸಿದ ಸಂಗತಿ. ಆ ವಹಿಗಳ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ.

ಗೋಕಾಕಕ್ಕೆ ಬಂದವರು ಘಟಪ್ರಭೆ ಧುಮುಕುವುದನ್ನು ನೋಡುತ್ತಾರೆ, ತೂಗುಸೇತುವೆಯ ನಡುವೆ ನಿಂತು ಸ್ವಲ್ಪ ಹೆದರುತ್ತಾರೆ, ಎರಡು ಡಬ್ಬಿ ಕರದಂಟು ಕೊಂಡು ಊರಿಗೆ ಮರಳುತ್ತಾರೆ. ಹಳ್ಳಿಗಳ ಕಡೆಗೆ ಹೊರಳುವವರು ಕಡಿಮೆ. ಹೊರಳಿದ್ದರೆ ಇನ್ನೊಂದು ಸವಿಯೂ ಅವರಿಗೆ ದೊರೆಯುತ್ತಿತ್ತು. ಶ್ರೀಕೃಷ್ಣ ಪಾರಿಜಾತ ಬೆಳೆದ ನೆಲ ಇದು. ಈಗ ಮೂಡಲಗಿ ತಾಲೂಕಿಗೆ ಸೇರಿರುವ ಕುಲಗೋಡದ ತಮ್ಮಣ್ಣನು ಅದನ್ನು ಜನರ ಆಟವಾಗಿ ತಿದ್ದಿ ನಿಲ್ಲಿಸಿದನು. ಕೌಜಲಗಿಯ ನಿಂಗಮ್ಮನವರು ಅದನ್ನಾಡಿ ಹೆಸರಾದರು. ಕೃಷ್ಣ, ರುಕ್ಮಿಣಿ, ಸತ್ಯಭಾಮೆ, ನಾರದ ಇವರೆಲ್ಲ ಪುರಾಣದವರು. ಆದರೆ ಆಡುವ ಮಾತು ನಮ್ಮ ಓಣಿಯದು. ಅಚ್ಚಾದ ಪುಸ್ತಕದ ದಾರಿ ಒಂದು, ಮೇಳದವರ ಬಾಯಿಯ ದಾರಿ ಇನ್ನೊಂದು. ಪ್ರತಿಯೊಂದು ಮೇಳಕ್ಕೂ ತನ್ನದೇ ಪಾಠವಿರುತ್ತದೆ. ಮೇಳ ಮುಗಿದಾಗ ಪಾಠವೂ ಮುಗಿಯುತ್ತದೆ.

ಮೂಡಲಗಿಯ ಹತ್ತಿರದ ಹಳ್ಳಿಯೊಂದರಲ್ಲಿ ಭಾಗವತಿಕೆ ಮಾಡಿದ ಹಿರಿಯರೊಬ್ಬರು ಹಾಗಾಗಬಾರದೆಂದು 1970ರ ದಶಕದಲ್ಲಿ ತಮ್ಮ ಮೇಳದ ಪಾಠವನ್ನೆಲ್ಲ ಮೂರು ಕಿರ್ದಿ ವಹಿಗಳಲ್ಲಿ ಬರೆದಿಟ್ಟರು. ಹಾಡು, ಮಾತು, ನಡುವೆ ಭಾಗವತ ಎತ್ತಿಕೊಡುವ ಸೊಲ್ಲು ಎಲ್ಲವೂ ಅದರಲ್ಲಿವೆ. ಅವರು ತೀರಿಕೊಂಡ ಮೇಲೆ ವಹಿಗಳು ಗೋಕಾಕದ ಹಳೆಯ ಪೇಟೆಗೆ ಕೊಟ್ಟ ಮಗಳ ಮನೆ ಸೇರಿದವು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಬಂದದ್ದನ್ನು ಈ ಭಾಗದವರು ಮರೆತಿರಲಾರರು. ಲೋಳಸೂರಿನ ಸೇತುವೆ ನೀರಿನ ಕೆಳಗೆ ಹೋಯಿತು. ಊರೊಳಗೆ ನೀರು ಬಂತು. ಆ ಮನೆಯವರು ಮಕ್ಕಳನ್ನೂ ಮುದುಕರನ್ನೂ ಹೊರಗೆ ದಾಟಿಸಿದರು. ಟ್ರಂಕು ಅಲ್ಲಿಯೇ ಉಳಿಯಿತು.

ನೀರಿಳಿದ ಮೇಲೆ ವಹಿಗಳನ್ನು ಮಾಳಿಗೆಯ ಮೇಲೆ ಒಣಹಾಕಿದರು. ಅವು ಉಳಿದದ್ದು ಬಾಲ್‌ಪೆನ್ನಿನ ಪುಣ್ಯದಿಂದ. ನಮ್ಮ ಮಾಸ್ತರರು ಬಾಲ್‌ಪೆನ್ನಿನಿಂದ ಬರೆದರೆ ಕೈಬರಹ ಕೆಡುತ್ತದೆಂದು ಬೆರಳ ಗಂಟಿನ ಮೇಲೆ ಹೊಡೆಯುತ್ತಿದ್ದರು. ಅದೇ ಟ್ರಂಕಿನಲ್ಲಿದ್ದ, ಶಾಯಿಯಲ್ಲಿ ದುಂಡಗೆ ಬರೆದ ಕಾಗದಪತ್ರಗಳೆಲ್ಲ ನೀಲಿ ನೀರಾಗಿ ಹೋದವು. ಬಾಲ್‌ಪೆನ್ನಿನ ಬಣ್ಣ ಎಣ್ಣೆಯದು; ನೀರಿಗೆ ಅದು ಜಗ್ಗಲಿಲ್ಲ. ಅಕ್ಷರ ನಿಂತಿತು, ಹಾಳೆ ಕೆಟ್ಟಿತು. ಪ್ರತಿ ಪುಟದ ಮೇಲೂ ನೀರು ಏರಿ ನಿಂತ ಕಂದು ಗೆರೆಗಳು, ಚಹಾ ಚೆಲ್ಲಿದಂಥ ಕಲೆಗಳು, ಬೂಸಿನ ಚುಕ್ಕೆಗಳು. ಕೆಲವು ಕಡೆ ಓದಲು ಕಿಟಕಿಯ ಬೆಳಕಿಗೆ ಹಿಡಿಯಬೇಕು. ಹಿಡಿದರೆ ಅಂಚು ಪುಡಿಯಾಗಿ ಕೈಗೆ ಬರುತ್ತದೆ.

ಆ ಹಿರಿಯರ ಮಗಳಿಗೆ ಈಗ ಎಂಬತ್ತು ದಾಟಿದೆ. ನೆರೆಯ ಮೇಲೆ ಅವರು ಮೂಡಲಗಿಯಲ್ಲಿರುವ ಮಗನ ಮನೆಗೆ ಹೋಗಿದ್ದಾರೆ. ಮೊಮ್ಮಕ್ಕಳು ನಾಲ್ವರು ಸೇರಿ ಆಟವನ್ನು ಮತ್ತೆ ಕಟ್ಟಬೇಕೆಂದಿದ್ದಾರೆ. ಅವರಿಗೊಂದು ಶುದ್ಧ ಪ್ರತಿ ಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ವಿಧಾನ ಕಾಣದೆ ಇದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹುಕ್ಕೇರಿಗೆ, ತನ್ನ ಅಜ್ಜನ ಫೋಟೋ ಸ್ಟುಡಿಯೋಕ್ಕೆ, ಕರೆದುಕೊಂಡು ಹೋದ. ಹುಡುಗ ಬಿ.ಸಿ.ಎ. ಓದಿದವನು, ಈಗ ಬೆಂಗಳೂರಿನಲ್ಲಿ ಕಂಪನಿಯ ಕೆಲಸದಲ್ಲಿದ್ದಾನೆ. ಕನ್ನಡವನ್ನು ಪರೀಕ್ಷೆಗೆ ಬೇಕಾದಷ್ಟೇ ಓದಿದವನು, ಆದರೆ ಮನುಷ್ಯ ಒಳ್ಳೆಯವನು.

ಹುಕ್ಕೇರಿಯ ಹಳೆಯ ಗುಮ್ಮಟಗಳಂತೆ ಆ ಸ್ಟುಡಿಯೋವೂ ಕಾಲವನ್ನು ಸೈರಿಸಿಕೊಂಡು ನಿಂತಿದೆ. ಊರಿಗೆ ಬೆಳಕು ಕೊಡುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅಜ್ಜ ಫೋಟೋ ತೆಗೆಯಲು ಕಲಿತದ್ದು ಅದಕ್ಕೂ ಹಿಂದೆ, ಬಿಸಿಲನ್ನೇ ನಂಬಿ. ಅವರು ವಹಿಯನ್ನು ತಿರುವಿ ನೋಡಿ, ಮೇಜಿನ ಖಾನೆಯಿಂದ ಕಬ್ಬಿಣದ ಬಳೆಯಲ್ಲಿ ಕೂರಿಸಿದ ಒಂದು ಕೆಂಪು ಗಾಜನ್ನು ತೆಗೆದು ನನ್ನ ಕೈಗಿತ್ತರು.

"ಇದರಾಗಿಂದ ನೋಡ್ರಿ ಸರ."

ನೋಡಿದೆ. ಕಲೆಗಳೆಲ್ಲ ಎಲ್ಲಿಯೋ ಹೋಗಿದ್ದವು. ಅಕ್ಷರಗಳು ಕಪ್ಪಾಗಿ ಎದ್ದು ನಿಂತಿದ್ದವು.

"ಕಲಿ ಯಾವ ಬಣ್ಣದ್ದೈತಿ, ಆ ಬಣ್ಣದ ಗಾಜು ಹಿಡೀಬೇಕ್ರಿ. ಕಲಿ ಅಲ್ಲೇ ಇರತೈತಿ, ಆದ್ರ ಕಾಣಂಗಿಲ್ಲ. ಹಳೇ ಉತಾರಿ, ಸಾಲಿ ಸರ್ಟಿಫಿಕೇಟು, ಎಲ್ಲಾ ಹಿಂಗಽ ತಗೀತಿದ್ವಿ."

ಮೊಮ್ಮಗ ನಕ್ಕು, ಈ ಗಾಜು ಈಗ ಗಣಕದೊಳಗೇ ಇದೆಯೆಂದ. ಡಿಜಿಟಲ್ ಚಿತ್ರದ ಒಂದೊಂದು ಚುಕ್ಕೆಗೂ ಮೂರು ಅಂಕಿಗಳು: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು, ಸೊನ್ನೆಯಿಂದ 255ರ ವರೆಗೆ. ಕಂದು ಕಲೆಯಲ್ಲಿ ಕೆಂಪಿನ ಅಂಕಿ ದೊಡ್ಡದು, ಹಾಳೆಯಲ್ಲಿಯೂ ದೊಡ್ಡದು. ಹಸಿರು ನೀಲಿಗಳನ್ನು ಬಿಟ್ಟು ಕೆಂಪಿನ ಅಂಕಿಗಳಿಂದಷ್ಟೇ ಕಪ್ಪು-ಬಿಳುಪು ಚಿತ್ರ ಮಾಡಿದರೆ ಕಲೆಯೂ ಹಾಳೆಯೂ ಒಂದೇ ಬಗೆಯಾಗಿ ಬೆಳ್ಳಗಾಗುತ್ತವೆ. ನೀಲಿ ಬರಹದಲ್ಲಿ ಕೆಂಪು ಕಡಿಮೆ, ಅದು ಕಪ್ಪಾಗುತ್ತದೆ. ಅಜ್ಜನ ಗಾಜೂ ಮೊಮ್ಮಗನ ಲೆಕ್ಕವೂ ಒಂದೇ ವಿದ್ಯೆ. ಅಜ್ಜ ಮಾತ್ರ ತನ್ನ ಗಾಜನ್ನು ಒರೆಸಿ ಮತ್ತೆ ಖಾನೆಯಲ್ಲಿಟ್ಟರು.

ಅಲ್ಲಿಯೇ ಮೂರು ವಹಿಗಳ ನಾನೂರಕ್ಕೂ ಮಿಕ್ಕ ಪುಟಗಳ ಚಿತ್ರ ತೆಗೆಸಿದೆವು. ಮುಂದಿನ ಕೆಲಸಕ್ಕೆ ಹುಡುಗ ಆರಿಸಿದ್ದು ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶವನ್ನು. 1995ರಲ್ಲಿ ಅಮೆರಿಕೆಯ ಬರ್ಕಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಆರಂಭಿಸಿದ್ದು. ಇಂದಿಗೂ ಬೆಲೆಯಿಲ್ಲದೆ ದೊರೆಯುವಂಥದು. ಕಾಲೇಜು ಉಪನ್ಯಾಸಕನಿಗೆ ಈ ಕೊನೆಯ ಗುಣ ಅಲ್ಪವಾದದ್ದಲ್ಲ. ಅದರಲ್ಲಿ ಒಂದು ಪುಟವನ್ನು ಕೈಯಿಂದ ಶುದ್ಧಮಾಡಲು, ಕೆಂಪನ್ನು ಬೇರೆ ಮಾಡಿ, ಬೆಳಕು ಹೊಂದಿಸಿ, ಓರೆ ತಿದ್ದಿ, ಬೂಸಿನ ಚುಕ್ಕೆ ಒರೆಸಿ, ಬೇರೆ ಹೆಸರಿನಿಂದ ಉಳಿಸಲು ನನಗೆ ಹತ್ತು-ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಇದೇ ಕ್ರಮವನ್ನು ಪೈಥಾನಿನಲ್ಲಿ ಬರೆದು ಜಿಂಪಿಗೆ ಜೋಡಿಸಬಹುದು. ಅಂಥ ಜೋಡಣೆಗೆ ಪ್ಲಗ್-ಇನ್ ಎನ್ನುತ್ತಾರೆ. ಹುಡುಗ ಅರವತ್ತು ಸಾಲುಗಳಲ್ಲಿ ಒಂದನ್ನು ಬರೆದುಕೊಟ್ಟ. 'ವಹಿಶುದ್ಧಿ' ಎಂದು ನಾನು ಹೆಸರಿಟ್ಟೆ. ಮೆನುವಿನಲ್ಲಿ ಅದನ್ನು ಒತ್ತಿದರೆ ಒಂದು ಪುಟಕ್ಕೆ ಅರ್ಧ ನಿಮಿಷ. ಮೊದಲನೆಯ ವಹಿ ಹೀಗೆ ಸುಖವಾಗಿ ಮುಗಿಯಿತು. ಮೂಲಚಿತ್ರವನ್ನು ಮುಟ್ಟದೆ ಹೊಸ ಕಡತ ಮಾಡುವಂತೆ ಅವನು ಬರೆದಿದ್ದ. ಈ ವಿವೇಕದ ಬೆಲೆ ಮುಂದೆ ತಿಳಿಯಿತು.

2025ರ ಮಾರ್ಚ್ 16ರಂದು ಜಿಂಪಿನ ಮೂರನೆಯ ಅವತಾರ ಹೊರಬಿತ್ತು. ಆ ಬೇಸಿಗೆಯ ರಜೆಯಲ್ಲಿ ನಮ್ಮ ಪ್ರಯೋಗಾಲಯದ ಗಣಕಗಳನ್ನೆಲ್ಲ ಹೊಸದು ಮಾಡಿದರು. ರಜೆ ಮುಗಿದು ಎರಡನೆಯ ವಹಿಗೆ ಕುಳಿತರೆ ಮೆನುವಿನಲ್ಲಿ ವಹಿಶುದ್ಧಿಯ ಹೆಸರೇ ಇಲ್ಲ! ತಪ್ಪಾಯಿತೆಂಬ ಮಾತಿಲ್ಲ, ಕೆಂಪು ಗುರುತಿಲ್ಲ. ಮದುವೆಯ ಊಟದ ಪಂಕ್ತಿಯಲ್ಲಿ ಒಬ್ಬರ ಎಲೆ ಹಾಕದೆ ಬಿಟ್ಟಂತೆ ಸುಮ್ಮನೆ ಬಿಟ್ಟುಬಿಟ್ಟಿತ್ತು. ಬೆಂಗಳೂರಿಗೆ ಫೋನು ಮಾಡಿದೆ.

"ತಮ್ಮಾ, ನಿನ್ನ ವಹಿಶುದ್ಧಿ ಎಲ್ಲೋ ಕಾಣವಲ್ದಲ್ಲೋ."

"ಸರ್, ಜಿಂಪನ್ನ ಚಿತ್ರ ಒತ್ತಿ ಎಬ್ಬಸಬ್ಯಾಡ್ರಿ. ಟರ್ಮಿನಲ್‌ನಾಗ ಹೆಸರು ಹೊಡದು ಎಬ್ಬಸ್ರಿ. ಅದು ಏನರ ಗೊಣಗಿದ್ರ ಅಲ್ಲಿ ಗೊಣಗತೈತ್ರಿ."

ಟರ್ಮಿನಲ್ ಎಂದರೆ ಕಪ್ಪು ಕಿಟಕಿ. ನಮ್ಮ ಪ್ರಯೋಗಾಲಯದ ಗಣಕಗಳಲ್ಲಿರುವುದು ಲಿನಕ್ಸ್. ಅಲ್ಲಿ ಆ ಕಿಟಕಿಯಿಂದ ಜಿಂಪನ್ನು ಎಬ್ಬಿಸಿದರೆ, ಅದು ಏಳುವಾಗ ಒಂದೊಂದು ಪ್ಲಗ್-ಇನ್ನನ್ನೂ ಕರೆದು ವಿಚಾರಿಸುವುದೂ, ಉತ್ತರ ಬಾರದ್ದನ್ನು ಬಿಟ್ಟು ಮುಂದೆ ಹೋಗುವುದೂ ಕಾಣಿಸುತ್ತದೆ. ಗೊಣಗಾಟ ಅಲ್ಲಿ ಸಿಕ್ಕಿತು. ಮೂರನೆಯ ಜಿಂಪಿನಲ್ಲಿ ಪ್ಲಗ್-ಇನ್ನಿನ ಕಡತ ಬಯಲಲ್ಲಿ ಬಿದ್ದಿರುವಂತಿಲ್ಲ. ತನ್ನದೇ ಹೆಸರಿನ ಫೋಲ್ಡರಿನೊಳಗೆ ಇರಬೇಕು. ನಮ್ಮ ಪ್ರಯೋಗಾಲಯದ ಸಹಾಯಕರು ಫೋಲ್ಡರು ಮಾಡಿ ಕಡತವನ್ನು ಒಳಗಿಟ್ಟರು. ಆದರೂ ಇಲ್ಲ. ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿದಾಗ ಕಾರಣ ತಿಳಿಯಿತು: ರೋಮನ್ ಲಿಪಿಯಲ್ಲಿ ಕಡತದ 'ಶುದ್ಧಿ'ಗೆ ಎರಡು ಡಿ, ಫೋಲ್ಡರಿನ 'ಶುದ್ಧಿ'ಗೆ ಒಂದೇ. ಶುದ್ಧಿಯಲ್ಲಿಯೇ ಒತ್ತಕ್ಷರ ಜಾರಿತ್ತು. ಇಪ್ಪತ್ತು ವರುಷ ಉತ್ತರಪತ್ರಿಕೆ ತಿದ್ದಿದ ಕಣ್ಣಿಗೆ ಇದು ಹೊಸ ನೋಟವಲ್ಲ.

ಒತ್ತಕ್ಷರ ಸೇರಿದ ಮೇಲೆ, ಕಡತಕ್ಕೆ ಇದು ನಡೆಯತಕ್ಕದ್ದೆಂಬ ಅನುಮತಿಯನ್ನೂ ಕೊಟ್ಟ ಮೇಲೆ, ಪೈಥಾನಿನ ಮಾತು ಶುರುವಾಯಿತು. ಒಮ್ಮೆಲೆ ಹತ್ತಾರು ಸಾಲು. ನಾನು ಮೇಲಿನಿಂದ ಓದತೊಡಗಿದರೆ ಹುಡುಗ ತಡೆದ.

"ಮ್ಯಾಲಿಂದ ಬ್ಯಾಡ್ರಿ ಸರ್. ಕಟ್ಟಕಡೀ ಸಾಲು ಮೊದಲ ಓದ್ರಿ."

ಇದು ನನಗೆ ಹಿಡಿಸಿತು. ಯಾವ ಸಾಲು ಯಾವುದನ್ನು ಕರೆಯಿತು, ಅದು ಮತ್ತೆ ಯಾವುದನ್ನು ಕರೆಯಿತು ಎಂಬ ವಂಶಾವಳಿಯನ್ನೆಲ್ಲ ಹೇಳಿ, ಆದದ್ದೇನೆಂಬುದನ್ನು ಪೈಥಾನ್ ಕೊನೆಯಲ್ಲಿ ಹೇಳುತ್ತದೆ. ಇಂಗ್ಲಿಷರಿಗೆ ಇದು ವಿಚಿತ್ರವೆನಿಸೀತು, ನಮಗೇನು? ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಬರುವುದೇ ಕಟ್ಟಕಡೆಗೆ. ಯಾರು, ಯಾರ ಮಗ, ಎಲ್ಲಿ, ಯಾವಾಗ, ಯಾರೊಡನೆ ಎಂದೆಲ್ಲ ಹೇಳಿ, ಬಂದನೋ ಹೋದನೋ ಎಂಬುದನ್ನು ಬಾಯಿ ಮುಚ್ಚುವಾಗ ಹೇಳುವ ಜನ ನಾವು.

ಮೊದಲ ಆಕ್ಷೇಪ ಆವರಣಚಿಹ್ನೆಯದು. ಎರಡನೆಯ ಪೈಥಾನಿನಲ್ಲಿ 'ಪ್ರಿಂಟ್' ಎಂದು ಬರೆದು ಹೇಳಬೇಕಾದ್ದನ್ನು ಪಕ್ಕದಲ್ಲಿ ಬರೆದರೆ ನಡೆಯುತ್ತಿತ್ತು. ಮೂರನೆಯದರಲ್ಲಿ ಅದು ಕಂಸದೊಳಗೆ ಇರಬೇಕು. ಎರಡನೆಯ ಆಕ್ಷೇಪ ಅಂಚಿನ ತೆರಪಿನದು. ಇದನ್ನು ಕುರಿತು ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪೈಥಾನಿನಲ್ಲಿ ಸಾಲಿನ ಮೊದಲಿಗೆ ಬಿಡುವ ತೆರಪೇ ವ್ಯಾಕರಣ. ಯಾವ ಸಾಲು ಯಾವುದರ ಅಧೀನ ಎಂಬುದನ್ನು ಅದು ತೆರಪಿನಿಂದಲೇ ಅರಿಯುತ್ತದೆ. ಒಂದು ಸಾಲಿಗೆ ಟ್ಯಾಬ್ ಒತ್ತಿ, ಮುಂದಿನದಕ್ಕೆ ಬಿಡಿ ತೆರಪು ಬಿಟ್ಟರೆ ಕಣ್ಣಿಗೆ ಎರಡೂ ಒಂದೇ; ಎರಡನೆಯ ಪೈಥಾನ್ ಅದನ್ನು ಹೇಗೋ ಸಾಗಿಸುತ್ತಿತ್ತು, ಮೂರನೆಯದು ಸಾಗಿಸುವುದಿಲ್ಲ. ನಮ್ಮ ಓಲೆಗರಿಗಳಲ್ಲಾದರೋ ಪದಪದದ ನಡುವೆ ತೆರಪೇ ಇಲ್ಲ. ಎಲ್ಲಿ ಮುರಿಯಬೇಕೆಂಬುದು ಓದುವವನ ಪಾಂಡಿತ್ಯಕ್ಕೆ ಬಿಟ್ಟದ್ದು. ಮುರಿದ ಜಾಗದ ಮೇಲೆ ಪಂಡಿತರ ಜಗಳಗಳು ನಡೆದಿವೆ. ಶೂನ್ಯಕ್ಕೆ ಅರ್ಥವಿದೆಯೆಂದು ನಂಬುವ ಭಾಷೆಯೊಂದನ್ನು ನಾನು ಇಲ್ಲಿಯೇ ಕಂಡದ್ದು.

ಇವೆರಡೂ ಕಳೆದ ಮೇಲೆ ಬಂದದ್ದು ನಿಜವಾದ ಕಷ್ಟ. 'ಜಿಂಪ್‌ಫು' ಎಂಬ ಹೆಸರಿನದು ಇಲ್ಲ ಎಂದಿತು ಕೊನೆಯ ಸಾಲು. ಕುಂಗ್‌ಫುವಿನಿಂದ ತಮಾಷೆಗೆ ಮಾಡಿಕೊಂಡ ಹೆಸರದು. ಹಳೆಯ ಜಿಂಪಿಗೂ ಪೈಥಾನಿಗೂ ನಡುವೆ ನಿಂತು ಮಾತಾಡಿಸುತ್ತಿದ್ದ ದುಭಾಷಿ. ಎರಡನೆಯ ಪೈಥಾನಿನ ಪೋಷಣೆಯನ್ನು ಅದರ ಒಡೆಯರೇ 2020ರ ಜನವರಿ 1ಕ್ಕೆ ನಿಲ್ಲಿಸಿದರು; ಹೊಸ ಜಿಂಪ್ ಮೂರನೆಯದನ್ನಷ್ಟೇ ಬಲ್ಲದು, ದುಭಾಷಿಯೂ ಬದಲಾಗಿದ್ದಾನೆ. ಇದು ಅಲ್ಲೊಂದು ಇಲ್ಲೊಂದು ಅಕ್ಷರ ತಿದ್ದುವ ಕೆಲಸವಲ್ಲ. ಹಳಗನ್ನಡದ ಕಾವ್ಯವನ್ನು ಹೊಸಗನ್ನಡಕ್ಕೆ ತಂದಂತೆ ಮೊದಲಿನಿಂದ ಬರೆಯಬೇಕು. ಹುಡುಗ ಎರಡು ರಾತ್ರಿ ಕುಳಿತು ಬರೆದು ಕಳುಹಿಸಿದ. ಹೊಸ ಭಾಷೆಯಿಂದ ಒಂದು ಲಾಭವೂ ಆಯಿತು. ಹಳೆಯದರಲ್ಲಿ, ಮೇಲುಗಡೆ ಒಂದು ಸೂಚನೆಯನ್ನು ಬರೆಯದೆ ಹೋದರೆ, ನಡುವೆ ಒಂದು ಕನ್ನಡ ಅಕ್ಷರ ಬಂದರೂ ಪೈಥಾನ್ ಮುನಿಸಿಕೊಳ್ಳುತ್ತಿತ್ತು. ಹೊಸದರಲ್ಲಿ ಅವನು 'ಪುಟ' ಎಂದೇ ಕನ್ನಡದಲ್ಲಿ ಹೆಸರಿಟ್ಟು ಬರೆದಿದ್ದ. ಅದು ನಡೆಯಿತು ಕೂಡ. ಎರಡನೆಯ ವಹಿಯ 148 ಪುಟಗಳು ಎರಡು ಮಧ್ಯಾಹ್ನಗಳಲ್ಲಿ ಶುದ್ಧವಾದವು. ಟರ್ಮಿನಲ್ಲಿನಲ್ಲಿ ಒಂದಕ್ಷರದ ಗೊಣಗಾಟವಿಲ್ಲ. ಪುಟಗಳು ಮೊದಲಿಗಿಂತಲೂ ಬೆಳ್ಳಗೆ, ತೊಳೆದಿಟ್ಟ ಧೋತರದಂತೆ.

ಪ್ರತಿಮಾಡಲು ಕುಳಿತಾಗ ನನ್ನ ಮನಸ್ಸಿಗೆ ಮೊದಲು ಚುಚ್ಚಿದ್ದು ಸತ್ಯಭಾಮೆ. ಎರಡನೆಯ ವಹಿಯ ತುಂಬ ಆಕೆ 'ಬಾಮೆ'. ಹಳ್ಳಿಯ ವಹಿಗಳಲ್ಲಿ ಮಹಾಪ್ರಾಣ ಬಿಟ್ಟು ಬರೆಯುವುದು ಹೊಸದಲ್ಲ. ಬಾಯಲ್ಲಿ ಇಲ್ಲದ್ದು ಕೈಯಲ್ಲಿ ಎಲ್ಲಿಂದ ಬರಬೇಕು? ಅದೊಂದನ್ನೇ ಹಿಡಿದು ಏನೂ ಹೇಳುವಂತಿರಲಿಲ್ಲ. ಆದರೆ ಮೊದಲನೆಯ ವಹಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅಲ್ಲಿ ಆಕೆ ಎಲ್ಲೆಲ್ಲಿಯೂ 'ಭಾಮೆ'. ಕೈ ಒಂದೇ, ಪೆನ್ನು ಒಂದೇ, ಕಾಲ ಒಂದೇ. ಒಬ್ಬ ಲಿಪಿಕಾರ ಒಂದು ವಹಿಯಲ್ಲಿ ಬಿಡದೆ ಬರೆದದ್ದನ್ನು ಮುಂದಿನದರಲ್ಲಿ ಬಿಡದೆ ಮರೆಯುವುದಿಲ್ಲ. ಗ್ರಂಥಸಂಪಾದನೆ ಕಲಿಸಿದ ಗುರುಗಳು, ತಪ್ಪುಗಳು ಚೆದುರಿದ್ದರೆ ಮನುಷ್ಯನನ್ನು ಸಂಶಯಿಸು, ಸಾಲುಗಟ್ಟಿದ್ದರೆ ಪ್ರತಿಯನ್ನು ಸಂಶಯಿಸು ಎನ್ನುತ್ತಿದ್ದರು.

ಅಷ್ಟರಲ್ಲಿ ಗೊಲ್ಲತಿಯ ಸಂದರ್ಭ ಬಂತು. ಕೃಷ್ಣ ದಾರಿಗಡ್ಡ ನಿಂತಿದ್ದಾನೆ. ಅದು ಕೊಡುತ್ತೇನೆ, ಇದು ಕೊಡುತ್ತೇನೆ ಎನ್ನುತ್ತಾನೆ. ಗೊಲ್ಲತಿ, ನಿನ್ನ ದನ ನಿನಗಿರಲಿ, ದಾರಿ ಬಿಡು ಎನ್ನುತ್ತಾಳೆ. ದನ! ಅವನು ದನ ಕಾಯುವವನೇ. ಮಾತು ಚೆನ್ನಾಗಿಯೇ ಹೊಂದುತ್ತದೆ, ಸಭೆ ನಗುತ್ತದೆ ಕೂಡ. ಆದರೆ 'ಧನ'ವಾಗಿದ್ದರೆ ಆ ಹೆಣ್ಣಿನ ನಿಲುವೇ ಬೇರೆಯಾಗುತ್ತದೆ. ಐಶ್ವರ್ಯ ತೋರಿಸಿ ಕೊಳ್ಳಲು ಬಂದವನನ್ನು ಆಕೆ ಅಲ್ಲಿಯೇ ನಿಲ್ಲಿಸುತ್ತಾಳೆ. ಒಂದರಲ್ಲಿ ಆಕೆ ಚೇಷ್ಟೆಯವಳು, ಇನ್ನೊಂದರಲ್ಲಿ ಅಭಿಮಾನದವಳು. ಇಡೀ ಪ್ರವೇಶದ ರಾಗ ಇದರ ಮೇಲೆ ನಿಂತಿದೆ.

ಮೂಲಚಿತ್ರವನ್ನು ತೆರೆದು ದೊಡ್ಡದು ಮಾಡಿ ನೋಡಿದೆ. ದಕಾರದ ಅಡಿಯಲ್ಲಿ, ಕಲೆಯ ಅಂಚಿನಲ್ಲಿ, ಪೆನ್ನನ್ನು ಹಗುರವಾಗಿ ಮುಟ್ಟಿಸಿ ಎತ್ತಿದ ಒಂದು ಸಣ್ಣ ಗೀಟು. ಧನ. ಭಾಮೆಯ ಗೀಟೂ ಅಲ್ಲಿಯೇ ಇತ್ತು. ಒಂದು ಪುಟವಲ್ಲ, 148 ಪುಟಗಳಲ್ಲಿಯೂ ಶುದ್ಧಿಯ ಹೆಸರಿನಲ್ಲಿ ಮಹಾಪ್ರಾಣಗಳ ಪ್ರಾಣ ಹೋಗಿತ್ತು. ಠಕಾರದ ಹೊಟ್ಟೆಯ ಚುಕ್ಕೆಗಳೂ ಅನೇಕ ಕಡೆ ಅಳಿದಿದ್ದವು.

ಕಾರಣ ಹುಡುಕಲು ಹುಡುಗನಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಬೂಸಿನ ಚುಕ್ಕೆ ಒರೆಸುವ 'ಡಿಸ್ಪೆಕಲ್' ಎಂಬ ಕ್ರಿಯೆಗೆ ಎಷ್ಟು ಅಗಲದಲ್ಲಿ ನೋಡಬೇಕೆಂದು ಒಂದು ಅಂಕಿ ಕೊಡಬೇಕು. ಹಳೆಯ ಜಿಂಪಿನಲ್ಲಿ ಎಲ್ಲ ಅಂಕಿಗಳನ್ನೂ ಸಾಲಾಗಿ ಕೊಡದೆ ಕೆಲಸವೇ ನಡೆಯುತ್ತಿರಲಿಲ್ಲ. ಅವನು 1 ಎಂದು ಕೊಟ್ಟಿದ್ದ. ಹೊಸದರಲ್ಲಿ ಬೇಕಾದ್ದನ್ನಷ್ಟೇ ಹೆಸರು ಹಿಡಿದು ಹೇಳಿದರೆ ಸಾಕು; ಹೇಳದೆ ಬಿಟ್ಟದ್ದಕ್ಕೆ ಜಿಂಪ್ ತನ್ನ ರೂಢಿಯ ಅಂಕಿಯನ್ನು ಹಾಕಿಕೊಳ್ಳುತ್ತದೆ. ಆ ರೂಢಿಯ ಅಂಕಿ 3. ಹಾಗೆಂದರೆ ಒಂದು ಚುಕ್ಕೆಯ ನಾಲ್ಕೂ ಕಡೆಗೆ ಮೂರು ಮೂರು ಚುಕ್ಕೆ, ಏಳೇಳಲಿ ನಲವತ್ತೊಂಬತ್ತು. ಸುಮಾರಾಗಿ ಹೇಳುವುದಾದರೆ, ಆ ನಲವತ್ತೊಂಬತ್ತರಲ್ಲಿ ಬಹುಮತ ಯಾವ ಬಣ್ಣದ್ದೋ ನಡುವಿನ ಚುಕ್ಕೆಗೂ ಅದೇ ಬಣ್ಣ. ಅಕ್ಷರದ ಮೈಗೆರೆ ದಪ್ಪವಾಗಿದ್ದುದರಿಂದ ಚುನಾವಣೆಯಲ್ಲಿ ಗೆದ್ದಿತು. ಗೀಟು ಮೂರು ಚುಕ್ಕೆ ಅಗಲದ್ದು, ಐದಾರು ಚುಕ್ಕೆ ಉದ್ದದ್ದು. ಸುತ್ತಲಿನ ಬಿಳುಪು ಅದನ್ನು ನುಂಗಿಹಾಕಿತು. 1 ಎಂದಿದ್ದರೆ ಒಂಬತ್ತೇ ಮತದಾರರು. ಅಲ್ಲಿ ಗೀಟಿಗೂ ಬದುಕುಂಟು. ಗಣಕದ ದೃಷ್ಟಿಯಲ್ಲಿ ಯಾವ ತಪ್ಪೂ ಆಗಿರಲಿಲ್ಲ. ಅದಕ್ಕೆ ಹೇಳಿದ್ದನ್ನು ಮಾಡಿತ್ತು, ಹೇಳದ್ದನ್ನು ರೂಢಿಯಂತೆ ಮಾಡಿತ್ತು. ಬೂಸಿಗೂ ಮಹಾಪ್ರಾಣಕ್ಕೂ ಭೇದವಿದೆಯೆಂದು ಬರ್ಕಲಿಯ ಹುಡುಗರಿಗೆ ಯಾರು ಹೇಳಿದ್ದರು?

ಆ ಭಾನುವಾರ ಮೂಡಲಗಿಗೆ ಹೋದೆ. ಗೀಟು ಕಣ್ಣಿಗೆ ಕಂಡಿದ್ದರೂ, ಅದು ನೂಲಿನ ಎಳೆಯೋ ಹಾಳೆಯ ಬಿರುಕೋ ಎಂದು ಯಾರಾದರೂ ಕೇಳಿದರೆ ಹೇಳಲು ಇನ್ನೊಂದು ಸಾಕ್ಷಿ ಇದ್ದರೆ ಒಳಿತೆಂದು ತೋರಿತು. ಅಜ್ಜಿ ಗೊಲ್ಲತಿಯ ಮಾತನ್ನು ಮೊದಲಿನಿಂದ ಕಡೆಯವರೆಗೆ, ಒಂದು ಕಡೆಯೂ ತಡವರಿಸದೆ, ತಂದೆಯ ಧಾಟಿಯಲ್ಲಿಯೇ ಹೇಳಿದರು. ಆ ಮಾತು ಬಂದಾಗ ನಾನು ಕಿವಿ ನಿಮಿರಿಸಿ ಕುಳಿತೆ. 'ದನ' ಎಂದರು. ಮತ್ತೆ ಕೇಳಿದೆ. ಮತ್ತೆ 'ದನ'.

"ದನ ಅಂದ್ರ ಆಕಳು ಎಮ್ಮಿ ಏನ್ರಿ ಅವ್ವಾ, ಅಥವಾ ರೊಕ್ಕಾ ಬಂಗಾರಾ?"

"ಎರಡೂಕೂ ದನಾನಽ ಅಂತಾರಲ್ಲೋ ಮಾಸ್ತರ. ನಮ್ಮಪ್ಪ ಹಿಂಗಽ ಅಂತಿದ್ದ."

ನಿಜವೇ. ನಮ್ಮ ಬಾಯಲ್ಲಿ ಎರಡೂ ಒಂದೇ. ಅರವತ್ತು ವರುಷ ಕಂಠದಲ್ಲಿ ಕೆಡದೆ ಉಳಿದ ಪಾಠ ಈ ಒಂದು ಪ್ರಶ್ನೆಗೆ ಉತ್ತರ ಹೇಳಲಾರದು. ಬರೆದವರ ಮನಸ್ಸಿನಲ್ಲಿ ಯಾವುದಿತ್ತೆಂಬುದು ಆ ಹಗುರವಾದ ಗೀಟಿನಲ್ಲಿ ಮಾತ್ರ ಇದೆ. ಮೂಲ ಹಾಳೆಯನ್ನು ತೆಗೆದು ನೋಡಿದೆವು. ಚಿತ್ರ ತೆಗೆಸಿದ ಈ ಮೂರು ವರುಷಗಳಲ್ಲಿ ಆ ಪುಟದ ಕೆಳಗಂಚು ಉದುರಿ, ಆ ಸಾಲಿನ ಅರ್ಧ ಹೋಗಿದೆ. ಹುಕ್ಕೇರಿಯ ಅಜ್ಜ ತೆಗೆದ ಚಿತ್ರವೇ ಈಗ ಮೂಲ.

ಅಂಕಿಯನ್ನು 1 ಎಂದು ತಿದ್ದಿ 148 ಪುಟಗಳನ್ನೂ ಮತ್ತೆ ನಡೆಸಿದೆವು. ಧೋತರದ ಬಿಳುಪು ಹೋಯಿತು. ಬೂಸಿನ ಚುಕ್ಕೆಗಳು ಅಲ್ಲಲ್ಲಿ ಉಳಿದುಕೊಂಡವು, ಗೀಟುಗಳೂ ಉಳಿದವು. ಈಗ ಹತ್ತು ಪುಟಕ್ಕೊಂದರಂತೆ ಮೂಲವನ್ನೂ ಶುದ್ಧವಾದದ್ದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಕಟ್ಟಳೆ ಮಾಡಿಕೊಂಡಿದ್ದೇವೆ. ಹುಡುಗ ಇನ್ನೊಂದು ಉಪಾಯವನ್ನೂ ಸೇರಿಸಿದ್ದಾನೆ: ವಹಿಶುದ್ಧಿ ಅಳಿಸಿದ ಚುಕ್ಕೆಗಳೆಷ್ಟೆಂದು ಪ್ರತಿ ಪುಟಕ್ಕೂ ಲೆಕ್ಕ ಬರೆದಿಡುತ್ತದೆ. ಎಲ್ಲಿ ಲೆಕ್ಕ ಮಿತಿಮೀರಿತೋ ಆ ಪುಟವನ್ನು ನಾನು ಕಣ್ಣಿಂದ ನೋಡುತ್ತೇನೆ. ಕಿರ್ದಿ ವಹಿಗೆ ಒಂದು ಕಿರ್ದಿ.

ಮೂರನೆಯ ವಹಿಯನ್ನು ಇನ್ನೂ ಮುಟ್ಟಿಲ್ಲ. ಪರೀಕ್ಷೆಗೆಂದು ಎರಡು ಪುಟ ನಡೆಸಿ ನೋಡಿದ್ದಕ್ಕೇ ನಿಲ್ಲಿಸಿದ್ದೇನೆ. ಅದರಲ್ಲಿ ಹಿರಿಯರು ಮಾತನ್ನು ನೀಲಿಯಲ್ಲಿ ಬರೆದು, ಮಾತಾಡುವವರ ಹೆಸರನ್ನು ಎಡಗಡೆಗೆ ಕೆಂಪು ಬಾಲ್‌ಪೆನ್ನಿನಿಂದ ಬರೆದಿದ್ದಾರೆ. ಕೆಂಪು ಗಾಜಿನಲ್ಲಿ ಕೆಂಪು ಬರಹ ಕಾಣುವುದಿಲ್ಲ. ಶುದ್ಧವಾದ ಪುಟದಲ್ಲಿ ಮಾತುಗಳೆಲ್ಲ ಉಳಿದು ಆಡಿದವರೆಲ್ಲ ಮಾಯವಾಗಿದ್ದರು. ಹಸಿರಿನ ಅಂಕಿಗಳನ್ನು ತೆಗೆದುಕೊಂಡರೆ ಹೆಸರು ಕಾಣುತ್ತದೆ, ಅದರೊಡನೆ ನೆರೆಯ ಗೆರೆಗಳೂ ಎದ್ದು ಬರುತ್ತವೆ. ಎರಡು ಚಿತ್ರ ಮಾಡಿ ಒಂದರ ಮೇಲೊಂದು ಹಾಸಿ, ಎಲ್ಲಿ ಯಾವುದು ಕಪ್ಪೋ ಅದನ್ನು ಉಳಿಸಿಕೊಳ್ಳಬೇಕು, ಎಡದ ಅಂಚಿನಲ್ಲಿ ಮಾತ್ರ, ಎನ್ನುತ್ತಾನೆ ಹುಡುಗ. "ಎರಡು ನೆಗೆಟಿವ್ ತಗೀರಿ ಅಂತ ನಾ ಅವತ್ತಽ ಹೇಳಿದ್ನಲ್ರಿ" ಎನ್ನುತ್ತಾರೆ ಹುಕ್ಕೇರಿಯ ಅಜ್ಜ; ಅವರು ಹೇಳಿದ್ದು ನಮ್ಮಿಬ್ಬರಿಗೂ ನೆನಪಿಲ್ಲ. ಹುಡುಗ ದೀಪಾವಳಿಗೆ ಊರಿಗೆ ಬರುತ್ತಾನೆ. ತೀರ ಕೆಟ್ಟ ಐದು ಪುಟಗಳನ್ನು ಆರಿಸಿಡಿರೆಂದು ಹೇಳಿದ್ದಾನೆ, ಅವುಗಳ ಮೇಲೆ ಹೊಸದನ್ನು ಪರೀಕ್ಷಿಸಲು.

ಆ ಐದರಲ್ಲಿ ಒಂದನ್ನು ಮೂಡಲಗಿಗೆ ಒಯ್ದು ಅಜ್ಜಿಗೆ ಓದಿ ಹೇಳಿದೆ. ಎಡದ ಹೆಸರಿನ ಮೇಲೆಯೇ ಕಲೆ ಬಿದ್ದಿದೆ. ಕೆಂಪಿನಲ್ಲೂ ಇಲ್ಲ, ಹಸಿರಿನಲ್ಲೂ ಇಲ್ಲ. ನಾಲ್ಕು ಸಾಲಿನ ಮಾತು, ಭಾಮೆಯದೆಂದು ನಾನು ಊಹಿಸಿದ್ದೆ. ಅಜ್ಜಿ ಎರಡನೆಯ ಸಾಲಿಗೇ ಕೈ ಎತ್ತಿ ನಿಲ್ಲಿಸಿದರು.

"ಇದು ರುಕ್ಮಿಣೀ ಮಾತು. ಭಾಮಿ ಇಷ್ಟು ಸಾವಕಾಶ ಮಾತಾಡಾಂಗಿಲ್ಲ. ಬರಕೋ."

ಅಂಚಿನಲ್ಲಿ ಪೆನ್ಸಿಲಿನಿಂದ ರುಕ್ಮಿಣಿ ಎಂದು ಬರೆದು, ಹೇಳಿದವರ ಹೆಸರನ್ನೂ ದಿನಾಂಕವನ್ನೂ ಕೆಳಗೆ ಹಾಕಿಕೊಂಡೆ.